ಓಡುವ ಮಕ್ಕಳಿಗೂ ಬೇಕು ಒಂದು ಸೋಮವಾರ



ದನದ ಡಾಕ್ಟರಿಗೆ ಓಟದ ಉಸಾಬರಿ ಏಕೆ ಎಂದು ತಾವು ಕೇಳಬಹುದು. ಕಾರಣವಿದೆ. ದಾವಣಗೆರೆ, ಹರಿಹರ ಭಾಗದ ಸಂಘಗಳಿಗೆ ಬೆಳಿಗ್ಗೆ ಹೋಗುವಾಗ ನಾಲೆಯ ಏರಿಯ ಮೇಲೆ ಓಡುವ ಹುಡುಗ ಹುಡುಗಿಯರನ್ನು ನೋಡುತ್ತೇನೆ. ಅವರಲ್ಲಿ ಹಲವರು ನಮ್ಮ ಸದಸ್ಯರ ಮಕ್ಕಳೇ. ಒಬ್ಬರಿಗೆ ತಾಲ್ಲೂಕು ಕ್ರೀಡಾಕೂಟದ ಗುರಿ, ಇನ್ನೊಬ್ಬರಿಗೆ ದಸರಾ ಕ್ರೀಡಾಕೂಟ, ಮತ್ತೊಬ್ಬರಿಗೆ ಕ್ರೀಡಾ ಹಾಸ್ಟೆಲಿನ ಆಯ್ಕೆ.

ಹರಿಹರದ ಹತ್ತಿರದ ಸದಸ್ಯರೊಬ್ಬರು ಆಕಳಿಗೆ ಚಿಕಿತ್ಸೆ ಕೊಡಿಸುತ್ತಾ ಕೇಳಿದರು: "ಸಾರ್, ಹುಡುಗ 1500 ಮೀಟರ್ ಓಡ್ತಾನೆ. ಹೋದ ವರ್ಷಕ್ಕಿಂತ ಹತ್ತು ಸೆಕೆಂಡು ಹಿಂದೆ ಬಿದ್ದಾನೆ. ದಿನಾ ಇನ್ನೆರಡು ಕಿಲೋಮೀಟರ್ ಜಾಸ್ತಿ ಓಡಿಸ್ಲೇನು?"

ಹುಡುಗನ ದಿನಚರಿ ವಿಚಾರಿಸಿದೆ. ನಾಲ್ಕೂವರೆಗೆ ಎದ್ದು ಕೊಟ್ಟಿಗೆ ಬಳಿಯುವುದು, ಡೈರಿಗೆ ಹಾಲು ಹಾಕುವುದು, ಆಮೇಲೆ ಎಂಟು ಕಿ.ಮೀ. ಓಟ, ಶಾಲೆ. ಸಂಜೆ ಬಸ್ಸು ಹಿಡಿದು ದಾವಣಗೆರೆ ಸ್ಟೇಡಿಯಂನಲ್ಲಿ ಮತ್ತೆ ಓಟ. ರಾತ್ರಿ ಓದು, ಮೊಬೈಲು, ಹನ್ನೊಂದಕ್ಕೆ ಮಲಗುವುದು. ಭಾನುವಾರವೂ ಬಿಡುವಿಲ್ಲ.

"ಎತ್ತನ್ನ ಸೋಮವಾರ ಹೂಡ್ತೀರೇನು ಯಜಮಾನ್ರೇ?" ಎಂದೆ. "ಎಲ್ಲಾದ್ರೂ ಐತೇನ್ ಸಾರ್, ಬಸವಣ್ಣನ ವಾರ" ಎಂದರು. ಹುಡುಗನಿಗೆ ಆ ವಾರ ಯಾವುದು ಎಂದು ಕೇಳಿದಾಗ ನಕ್ಕು ಸುಮ್ಮನಾದರು.

ವಿಶ್ರಾಂತಿ ಎಂದರೆ ಸೋಮಾರಿತನವೆಂಬ ಭಾವನೆ ನಮ್ಮಲ್ಲಿದೆ. ಹೈನುಗಾರರಿಗೆ ಇದನ್ನು ಬೇರೆ ರೀತಿ ಹೇಳಬಹುದು. ಈಯುವ ಎರಡು ತಿಂಗಳ ಮುಂಚೆ ಆಕಳನ್ನು ಬತ್ತಿಸುತ್ತೇವೆ. ಆ 60 ದಿನಗಳಲ್ಲಿ ಕೆಚ್ಚಲಿನ ಹಳೆಯ ಜೀವಕೋಶಗಳು ಹೋಗಿ ಹೊಸವು ಬರುತ್ತವೆ. ಬತ್ತಿಸದೆ ಹಿಂಡುತ್ತಲೇ ಹೋದರೆ ಮುಂದಿನ ಸೂಲಿನಲ್ಲಿ ಹಾಲು ಇಳಿಯುತ್ತದೆ. ಓಟಗಾರನ ಕಾಲೂ ಓಡುವಾಗ ಬಲವಾಗುವುದಿಲ್ಲ, ಸೋಲುತ್ತದೆ. ಸ್ನಾಯುವಿನ ಎಳೆಗಳಿಗೆ ಸಣ್ಣಪುಟ್ಟ ಪೆಟ್ಟು ಬೀಳುತ್ತದೆ, ಗ್ಲೈಕೋಜನ್ ಎಂಬ ಶಕ್ತಿಯ ದಾಸ್ತಾನು ಖಾಲಿಯಾಗುತ್ತದೆ. ಇವೆರಡೂ ಸರಿಹೋಗುವುದು ಆಮೇಲೆ, ಊಟ ಮತ್ತು ನಿದ್ರೆಯಲ್ಲಿ. ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಒಸರುವುದೂ ಗಾಢ ನಿದ್ರೆಯಲ್ಲಿಯೇ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ರೆ ಬೇಕೆಂದು ವೈದ್ಯರು ಹೇಳುತ್ತಾರೆ. ಈ ಹುಡುಗನಿಗೆ ಸಿಗುತ್ತಿದ್ದುದು ಐದೂವರೆ ಗಂಟೆ.

ಒಂದು ಮೈಲಿಯನ್ನು ಮೊದಲ ಬಾರಿಗೆ ನಾಲ್ಕು ನಿಮಿಷದೊಳಗೆ ಓಡಿದ ಇಂಗ್ಲೆಂಡಿನ ರೋಜರ್ ಬ್ಯಾನಿಸ್ಟರ್ ಅವರದೂ ಇದೇ ಕಥೆ. 1954ರ ಏಪ್ರಿಲ್‌ನಲ್ಲಿ ಎಷ್ಟು ತಾಲೀಮು ಮಾಡಿದರೂ ಒಂದು ಸುತ್ತಿನ ಸಮಯ 61 ಸೆಕೆಂಡಿನಿಂದ ಕೆಳಗಿಳಿಯಲಿಲ್ಲ. ಬೇಸತ್ತು, ಓಟ ಬಿಟ್ಟು, ಗೆಳೆಯನೊಡನೆ ಸ್ಕಾಟ್ಲೆಂಡಿನ ಬೆಟ್ಟ ಹತ್ತಲು ಹೋದರು. ಕೆಲವು ದಿನ ಬಿಟ್ಟು ಬಂದು ಓಡಿದಾಗ 59 ಸೆಕೆಂಡು! ಸ್ಪರ್ಧೆಯ ಮುಂಚಿನ ಕೊನೆಯ ದಿನಗಳಲ್ಲೂ ಪೂರ್ಣ ವಿಶ್ರಾಂತಿ ಪಡೆದರು. ಮೇ 6ರಂದು ಆಕ್ಸ್‌ಫರ್ಡ್‌ನಲ್ಲಿ 3 ನಿಮಿಷ 59.4 ಸೆಕೆಂಡಿನಲ್ಲಿ ಮೈಲಿ ಮುಗಿಸಿದರು. ಆಗ ಅವರು ವೈದ್ಯಕೀಯ ವಿದ್ಯಾರ್ಥಿ ಎಂಬುದನ್ನು ಗಮನಿಸಿರಿ.

ಆದ್ದರಿಂದ ಜೋರು ಓಟದ ಮರುದಿನ ಹಗುರ ಓಟವಿರಲಿ. ವಾರದಲ್ಲಿ ಒಂದು ದಿನ ಪೂರ್ತಿ ಬಿಡುವಿರಲಿ. ಕೊಟ್ಟಿಗೆ ಕೆಲಸವೂ ದೇಹಕ್ಕೆ ದುಡಿಮೆಯೇ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹೆಣ್ಣುಮಕ್ಕಳ ವಿಷಯದಲ್ಲಿ ಮನೆಗೆಲಸದ ಲೆಕ್ಕ ಇನ್ನೂ ದೊಡ್ಡದು, ಆದರೆ ಅದನ್ನು ಯಾರೂ ಹಾಕುವುದಿಲ್ಲ. ಕ್ರೀಡಾಕೂಟಕ್ಕೆ ಹತ್ತು ದಿನವಿರುವಾಗ ಓಟದ ದೂರವನ್ನು ಅರ್ಧಕ್ಕೆ ಇಳಿಸಿ, ವೇಗದ ಸಣ್ಣ ಓಟ ಮಾತ್ರ ಉಳಿಸಿಕೊಳ್ಳಲಿ. ಇವನ್ನೆಲ್ಲ ದೈಹಿಕ ಶಿಕ್ಷಕರೊಡನೆ ಮಾತನಾಡಿಯೇ ಮಾಡಿರಿ.

ದಣಿವು ಮಿತಿಮೀರಿದೆಯೇ ಎಂದು ತಿಳಿಯಲು ಖರ್ಚಿಲ್ಲದ ಉಪಾಯವೊಂದಿದೆ. ಬೆಳಿಗ್ಗೆ ಎಚ್ಚರವಾದಾಗ, ಹಾಸಿಗೆ ಬಿಟ್ಟು ಏಳುವ ಮುಂಚೆ, ಮಣಿಕಟ್ಟಿನ ನಾಡಿಯನ್ನು ಒಂದು ನಿಮಿಷ ಎಣಿಸಿ ಬರೆದಿಡಲಿ. ಎಂದಿಗಿಂತ ಎಂಟು ಹತ್ತು ಬಡಿತ ಹೆಚ್ಚಿದ್ದರೆ ಅಂದು ಜೋರು ಓಟ ಬೇಡ. ಸಿಡುಕು, ಊಟ ಸೇರದಿರುವುದು, ಮೈ ಸೋತಿದ್ದರೂ ನಿದ್ರೆ ಬಾರದಿರುವುದು ಕೂಡ ಇದರ ಲಕ್ಷಣಗಳೇ. ಎರಡು ವಾರ ಬಿಡುವು ಕೊಟ್ಟರೂ ಸುಸ್ತು ಹೋಗದಿದ್ದರೆ ರಕ್ತಹೀನತೆ ಇದೆಯೇ ಎಂದು ವೈದ್ಯರಲ್ಲಿ ಪರೀಕ್ಷಿಸಿರಿ. ಮೊಣಕಾಲ ಚಿಪ್ಪಿನ ಕೆಳಗೆ ನೋವಿದ್ದರೆ ಎಣ್ಣೆ ತಿಕ್ಕಿ ಓಡಿಸಬೇಡಿ. ಬೆಳೆಯುವ ವಯಸ್ಸಿನಲ್ಲಿ ಅಲ್ಲಿನ ಮೂಳೆ ಇನ್ನೂ ಎಳೆಯದಾಗಿರುತ್ತದೆ. ಹುಡುಗಿಯರಿಗೆ ಮುಟ್ಟು ನಿಂತರೆ ಸಂಕೋಚಪಡದೆ ವೈದ್ಯರಿಗೆ ತೋರಿಸಿರಿ.

ಇನ್ನು ಮನಸ್ಸಿನ ತಯಾರಿ. 1960ರ ರೋಮ್ ಒಲಿಂಪಿಕ್ಸ್‌ನ 400 ಮೀಟರ್ ಓಟದಲ್ಲಿ ಮಿಲ್ಖಾ ಸಿಂಗ್ ನಾಲ್ಕನೆಯವರಾದರು. ನಡುವೆ ವೇಗ ಇಳಿಸಿ, ಉಳಿದವರು ಎಲ್ಲಿದ್ದಾರೆಂದು ನೋಡಿದ್ದೇ ತಮಗೆ ಮುಳುವಾಯಿತೆಂದು ಅವರೇ ಹೇಳಿಕೊಂಡಿದ್ದರು. ಮಗುವಿಗೆ ತನ್ನ ಓಟದ ಮೇಲೆಯೇ ಗಮನವಿರಬೇಕು, ಅದಕ್ಕೂ ಅಭ್ಯಾಸ ಬೇಕು. ರಾತ್ರಿ ಮಲಗುವ ಮುಂಚೆ ಐದು ನಿಮಿಷ ಕಣ್ಣು ಮುಚ್ಚಿ, ಗೆರೆಯ ಮೇಲೆ ನಿಂತದ್ದರಿಂದ ಹಿಡಿದು ಕೊನೆಯ ಸುತ್ತಿನವರೆಗೆ ಇಡೀ ಓಟವನ್ನು ಮನಸ್ಸಿನಲ್ಲೇ ಓಡಲಿ. ಮೂರನೆಯ ಸುತ್ತಿನಲ್ಲಿ ಉಸಿರು ಕಟ್ಟಿದಂತಾದಾಗ ಏನು ಮಾಡಬೇಕೆಂಬುದನ್ನೂ ಸೇರಿಸಿಕೊಳ್ಳಲಿ: ಭುಜ ಸಡಿಲ, ಕೈ ಬೀಸು ಚುರುಕು. ಬರೀ ಗೆದ್ದಂತೆ ಕನಸು ಕಂಡರೆ ಇದು ಬಾರದು. ಸೀಟಿ ಊದುವ ಮುನ್ನ ಎದೆ ಹೊಡೆದುಕೊಳ್ಳುವುದು ಭಯದ ಗುರುತಲ್ಲ, ದೇಹ ಸಿದ್ಧವಾಗಿದೆ ಎಂಬ ಸೂಚನೆ. ಉಸಿರನ್ನು ನಿಧಾನವಾಗಿ ಬಿಟ್ಟರೆ ಹತೋಟಿಗೆ ಬರುತ್ತದೆ.

ನಮ್ಮ ಬಾಯಿಯೂ ಹತೋಟಿಯಲ್ಲಿರಲಿ. "ಈ ಸಲ ಗೆಲ್ಲದಿದ್ದರೆ ಶೂ ಕೊಡಿಸಲ್ಲ" ಎನ್ನುವ ಅಪ್ಪ ಮಗನ ಬೆನ್ನಿಗೆ ಒಂದು ಮೂಟೆ ಹೊರಿಸಿದಂತೆ. ಬಾರುಕೋಲು ಬೀಸಿದರೆ ಎತ್ತು ನಾಲ್ಕು ಹೆಜ್ಜೆ ಜೋರಾಗಿ ಹೋಗುತ್ತದೆ, ಐದನೆಯದಕ್ಕೆ ನಿಧಾನ. ಹರಿಹರದ ಆ ಯಜಮಾನರು ಈಗ ಬೆಳಗಿನ ಕೊಟ್ಟಿಗೆ ಕೆಲಸವನ್ನು ತಾವೇ ವಹಿಸಿಕೊಂಡಿದ್ದಾರೆ. ಹುಡುಗ ಒಂಬತ್ತೂವರೆಗೆ ಮಲಗುತ್ತಾನೆ. ಹಾಸಿಗೆಯ ಹತ್ತಿರ ಮೊಬೈಲಿಲ್ಲ.

ಕ್ರೀಡಾಕೂಟದ ಹಿಂದಿನ ರಾತ್ರಿ ನಿದ್ರೆ ಸರಿ ಬಾರದಿದ್ದರೆ ಗಾಬರಿ ಬೇಡ, ಆ ವಾರದ ಉಳಿದ ರಾತ್ರಿಗಳು ಚೆನ್ನಾಗಿದ್ದರೆ ಸಾಕು. ಬೆಳಿಗ್ಗೆ ಓಟಕ್ಕೆ ಮೂರು ಗಂಟೆ ಮುಂಚೆ ಮನೆಯಲ್ಲಿ ರೂಢಿಯಿರುವ ತಿಂಡಿಯನ್ನೇ ಕೊಡಿರಿ. ಹಾಲು ಓಟದ ನಂತರ ಕುಡಿಯಲಿ, ಸೋತ ಸ್ನಾಯುವಿಗೆ ಅದು ಒಳ್ಳೆಯದು. ದಾವಣಗೆರೆಗೆ ಬಂದಿದ್ದೇವೆಂದು ಬೆಳಿಗ್ಗೆಯೇ ಬೆಣ್ಣೆದೋಸೆ ಹೋಟೆಲಿಗೆ ಕರೆದೊಯ್ಯಬೇಡಿ. ಓಟ ಮುಗಿದ ಮೇಲೆ, ಗೆದ್ದರೂ ಸೋತರೂ, ಎರಡು ದೋಸೆ ಕೊಡಿಸಿರಿ.