ಕೈಕಾಲು ಊನವಾದ ಒಕ್ಕಲುಮಕ್ಕಳಿಗೆ ದೊರೆಯತಕ್ಕ ಸಹಾಯ

(ಒಬ್ಬ ವ್ಯವಸಾಯದ ಇನ್‌ಸ್ಪೆಕ್ಟರರಿಂದ)

ವ್ಯವಸಾಯದಲ್ಲಿ ಯಂತ್ರಗಳ ಬಳಕೆಯು ಹೆಚ್ಚಿದಂತೆಲ್ಲಾ ಕೆಲಸವು ಬೇಗ ಮುಗಿಯುವುದೂ, ಆಳುಗಳ ಅಭಾವವು ಅಷ್ಟುಮಟ್ಟಿಗೆ ನೀಗುವುದೂ ನಿಜವಷ್ಟೆ. ಆದರೆ ಅದರೊಡನೆಯೇ ಅಪಾಯಗಳೂ ಹೆಚ್ಚಿವೆ. ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡುವವನ ಕೈಯು ಕಬ್ಬಿನೊಡನೆ ಉರುಳೆಗಳ ನಡುವೆ ಸಿಕ್ಕಿಕೊಳ್ಳುವುದು, ಮೇವು ಕತ್ತರಿಸುವ ಯಂತ್ರದಲ್ಲಿ ಬೆರಳುಗಳು ಹೋಗುವುದು, ಭತ್ತದ ಗರಿ ತಗುಲಿಯೋ ಒಕ್ಕಣೆ ಯಂತ್ರದಿಂದ ಕಾಳು ಸಿಡಿದೋ ಕಣ್ಣು ಕೆಡುವುದು, ಮಲೆನಾಡಿನಲ್ಲಿ ಅಡಿಕೆ ಮರದಿಂದ ಬಿದ್ದು ಬೆನ್ನುಮೂಳೆ ಮುರಿಯುವುದು ಇವೆಲ್ಲಾ ವಾಚಕರು ಬಲ್ಲ ಸಂಗತಿಗಳೇ ಆಗಿವೆ.

ಹೀಗೆ ಊನವಾದವನನ್ನು ಕಂಡು ಗ್ರಾಮದ ಯಜಮಾನರು ಕನಿಕರದಿಂದ ನಾಡಕಚೇರಿಗೆ ಕಳುಹಿಸುತ್ತಾರೆ. ಅಲ್ಲಿ ‘ನೂರಕ್ಕೆ ನಲವತ್ತು ಇಲ್ಲ’ ಎಂಬ ಉತ್ತರವು ಬಂದೊಡನೆ, ಎಲ್ಲವೂ ಮುಗಿಯಿತೆಂದು ಅವನು ಹಿಂದಿರುಗುತ್ತಾನೆ. ಪ್ರಕೃತ ಲೇಖನವನ್ನು ಬರೆಯುವುದಕ್ಕೆ ಇದೇ ಮುಖ್ಯ ಕಾರಣವು. ಪಿಂಚಣಿಯು ಬೇರೆ, ವಿಮೆಯು ಬೇರೆ, ಕೆಲಸಕ್ಕೆ ಇಟ್ಟುಕೊಂಡವನು ಕೊಡತಕ್ಕ ಪರಿಹಾರವು ಬೇರೆ. ಒಂದೊಂದಕ್ಕೂ ಕಚೇರಿಯೂ ಅಳತೆಯೂ ಪ್ರತ್ಯೇಕವಾಗಿವೆ. ಒಂದಕ್ಕೆ ಅರ್ಹನಲ್ಲದವನು ಮತ್ತೊಂದಕ್ಕೆ ಪೂರ್ಣವಾಗಿ ಅರ್ಹನಾಗಿರಬಹುದು.

ಮೊದಲು ಪ್ರಮಾಣಪತ್ರದ ವಿಷಯ. ೧೯೯೫ನೆಯ ಇಸವಿಯ ಕಾಯಿದೆಯ ಸ್ಥಾನದಲ್ಲಿ ೨೦೧೬ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ೨೦೧೭ರ ಏಪ್ರಿಲ್ ೧೯ರಿಂದ ಜಾರಿಯಲ್ಲಿದೆ. ಹಿಂದಿನ ಕಾಯಿದೆಯಲ್ಲಿ ೭ ಬಗೆಯ ವೈಕಲ್ಯಗಳು ಮಾತ್ರ ಸೇರಿದ್ದುವು. ಈಗ ೨೧ ಸೇರಿವೆ. ಇವುಗಳಲ್ಲಿ ಯಾವುದಾದರೂ ನೂರಕ್ಕೆ ೪೦ಕ್ಕೆ ಕಡಿಮೆಯಿಲ್ಲದಂತೆ ಇದೆಯೆಂದು ವೈದ್ಯಾಧಿಕಾರಿಗಳು ದೃಢಪಡಿಸಿದರೆ, ಅಂತಹವನು ಬಹುಪಾಲು ಸೌಲಭ್ಯಗಳಿಗೆ ಅರ್ಹನಾಗುತ್ತಾನೆ. ೨೦೨೧ರ ಜೂನ್ ೧ರಿಂದ ಈ ಪ್ರಮಾಣಪತ್ರವನ್ನು ‘ಸ್ವಾವಲಂಬನ್’ ಎಂಬ ಸರ್ಕಾರದ ಅಂತರಜಾಲ ತಾಣದ ಮೂಲಕವೇ ಕೊಡತಕ್ಕದ್ದೆಂದು ವಿಧಿಸಲ್ಪಟ್ಟಿದೆ. ಆಧಾರ್, ಭಾವಚಿತ್ರ, ವಾಸಸ್ಥಳದ ದಾಖಲೆ, ಚಿಕಿತ್ಸೆಯ ಕಾಗದಗಳು ಇವುಗಳೊಡನೆ ಅರ್ಜಿಯನ್ನು ಸಲ್ಲಿಸಿ, ಗೊತ್ತುಪಡಿಸಿದ ದಿನ ಆಸ್ಪತ್ರೆಯಲ್ಲಿ ಹಾಜರಾಗಬೇಕು. ಅಪ್ರಾಪ್ತ ವಯಸ್ಕರ ಪರವಾಗಿ ಪೋಷಕರು ಅರ್ಜಿ ಕೊಡಬಹುದು. ನಿಯಮಗಳ ಪ್ರಕಾರ ಒಂದು ತಿಂಗಳೊಳಗೆ ಆಗಬೇಕಾಗಿದ್ದ ತೀರ್ಮಾನಕ್ಕೆ ೨೦೨೪ರ ತಿದ್ದುಪಡಿಯಿಂದ ಮೂರು ತಿಂಗಳ ಅವಧಿಯು ದೊರೆತಿದೆ. ಆದುದರಿಂದ ಅರ್ಜಿಯನ್ನು ತಡಮಾಡದೆ ಹಾಕಿಸುವುದು ಒಳ್ಳೆಯದು. ಕೊನೆಗೆ ದೊರೆಯುವ ಚೀಟಿಯ ಬಣ್ಣದಿಂದಲೇ ಪ್ರಮಾಣವನ್ನು ತಿಳಿಯಬಹುದು: ೪೦ಕ್ಕೆ ಕಡಿಮೆಯಾದರೆ ಬಿಳಿ, ೪೦ರಿಂದ ೭೯ರವರೆಗೆ ಹಳದಿ, ೮೦ ಮತ್ತು ಮೇಲ್ಪಟ್ಟರೆ ನೀಲಿ.

ಈ ಪ್ರಮಾಣವನ್ನು ಕಟ್ಟುವ ಕ್ರಮವನ್ನು ಯಜಮಾನರು ಸ್ವಲ್ಪ ವಿವರವಾಗಿ ತಿಳಿದಿರುವುದು ಅವಶ್ಯಕ. ಮಣಿಕಟ್ಟಿನವರೆಗೆ ಕೈ ಹೋದವನಿಗೆ ನೂರಕ್ಕೆ ೬೦ ಎಂದು ಎಣಿಸುತ್ತಾರೆ. ಹೆಬ್ಬೆರಳು ಬುಡಸಹಿತ ಹೋದರೆ ೩೦. ಒಂದು ಕಣ್ಣು ಪೂರ್ಣವಾಗಿ ಹೋಗಿ ಇನ್ನೊಂದು ಸರಿಯಾಗಿದ್ದರೆ ಅದೂ ೩೦ ಮಾತ್ರವೇ. ಬಲಗೈಯ ಹೆಬ್ಬೆರಳಿಲ್ಲದವನು ಕುಡುಗೋಲನ್ನು ಬಿಗಿಯಾಗಿ ಹಿಡಿಯಲಾರನು, ಹಾಲು ಕರೆಯಲಾರನು. ಆದರೂ ಅವನಿಗೆ ೪೦ ಬರುವುದಿಲ್ಲ. ವೈದ್ಯರು ಅಳೆಯುವುದು ದೇಹದ ನಷ್ಟವನ್ನೇ ಹೊರತು ಕಸುಬಿನ ನಷ್ಟವನ್ನಲ್ಲ. ಇದು ಒಕ್ಕಲಿಗನ ಪಾಲಿಗೆ ಕಠಿನವಾದ ಅಳತೆಯೆಂದೇ ನನ್ನ ಅಭಿಪ್ರಾಯ. ಆದರೆ ಎರಡು ಊನಗಳಿದ್ದರೆ ಎರಡನ್ನೂ ಅರ್ಜಿಯಲ್ಲಿ ಕಾಣಿಸತಕ್ಕದ್ದು. ಒಂದು ಕಣ್ಣಿಗೆ ೩೦, ಹೆಬ್ಬೆರಳಿಗೆ ೩೦ ಎಂದು ಇದ್ದಾಗ, ಕೂಡಿಸುವ ಸೂತ್ರದ ಪ್ರಕಾರ ೬೦ ಆಗದಿದ್ದರೂ ೫೦ ಆಗುತ್ತದೆ. ಪ್ರತ್ಯೇಕವಾಗಿ ಅನರ್ಹವಾದ ಎರಡು ಊನಗಳು ಹೀಗೆ ಕೂಡಿ ಅರ್ಹವಾಗುವುವು. ಬಾಲ್ಯದಿಂದ ಇರುವ ಕಿವುಡನ್ನೋ ಹಳೆಯ ಪೋಲಿಯೋ ಕಾಲನ್ನೋ ‘ಅದು ಮೊದಲಿನಿಂದ ಇದ್ದದ್ದೇ’ ಎಂದು ಹೇಳದೆ ಬಿಡುವವರು ಬಹಳ ಮಂದಿ. ಗುಣವಾಗುವ ಅಥವಾ ವ್ಯತ್ಯಾಸವಾಗುವ ಸಂಭವವಿದ್ದರೆ ಅವಧಿಯನ್ನು ನಮೂದಿಸಿದ ತಾತ್ಕಾಲಿಕ ಪತ್ರವನ್ನು ಕೊಡುವುದುಂಟು. ಅವಧಿಯು ಮುಗಿಯುವುದಕ್ಕೆ ಮುಂಚೆಯೇ ಪುನಃ ಪರೀಕ್ಷೆ ಮಾಡಿಸಬೇಕು. ತೀರ್ಮಾನವು ಒಪ್ಪಿಗೆಯಾಗದಿದ್ದರೆ ಮೇಲ್ಮನವಿಗೆ ಕಾಯಿದೆಯಲ್ಲಿಯೇ ಅವಕಾಶವಿದೆ.

ಸುಳ್ಳು ಪ್ರಮಾಣಪತ್ರದಿಂದ ಸೌಲಭ್ಯ ಪಡೆದವರಿಗೆ ಎರಡು ವರ್ಷಗಳವರೆಗೆ ಸೆರೆಮನೆ, ಅಥವಾ ಒಂದು ಲಕ್ಷ ರೂಪಾಯಿಗಳವರೆಗೆ ದಂಡ, ಅಥವಾ ಎರಡೂ ವಿಧಿಸಲ್ಪಡಬಹುದು. ದಲ್ಲಾಳಿಗಳ ಮಾತಿಗೆ ಒಪ್ಪಿ ಶಿಫಾರಸು ಮಾಡುವವರು ಇದನ್ನು ಜ್ಞಾಪಕದಲ್ಲಿಡುವುದು ಲೇಸು.

ಪಿಂಚಣಿಯ ಅರ್ಜಿಯು ಪ್ರಮಾಣಪತ್ರವು ಕೈಗೆ ಬಂದ ಮೇಲಿನ ಮಾತು. ಪ್ರಮಾಣಪತ್ರ, ಆಧಾರ್, ಪಡಿತರ ಚೀಟಿ, ವರಮಾನದ ದಾಖಲೆ, ಬ್ಯಾಂಕಿನ ಪಾಸುಪುಸ್ತಕ ಇವುಗಳೊಡನೆ ನಾಡಕಚೇರಿಯಲ್ಲಿ ಅರ್ಜಿ ಕೊಡತಕ್ಕದ್ದು. ನಮ್ಮ ರಾಜ್ಯದಲ್ಲಿ ವೈಕಲ್ಯದ ಪ್ರಮಾಣವು ಹೆಚ್ಚಿದಂತೆ ಮಾಸಾಶನದ ಮೊಬಲಗೂ ಹೆಚ್ಚುತ್ತದೆ. ಕೇಂದ್ರ ಸರ್ಕಾರದವರು ೨೦೦೯ರಲ್ಲಿ ಏರ್ಪಡಿಸಿದ ಅಂಗವಿಕಲರ ಪಿಂಚಣಿಯಾದರೋ ೧೮ ವರ್ಷ ತುಂಬಿದ, ಬಡತನದ ರೇಖೆಯ ಕೆಳಗಿನ, ನೂರಕ್ಕೆ ೮೦ ಅಥವಾ ಅದಕ್ಕೂ ಮಿಕ್ಕ ವೈಕಲ್ಯವುಳ್ಳವರಿಗೆ ಮೀಸಲು. ಹಿಂದೆ ಶ್ಯಾನುಭೋಗರು ಮಾಡುತ್ತಿದ್ದ ಸ್ಥಳವಿಚಾರಣೆಯನ್ನು ಈಗ ಗ್ರಾಮ ಆಡಳಿತ ಅಧಿಕಾರಿಗಳು ಮಾಡುತ್ತಾರೆ. ಒಟ್ಟು ಕುಟುಂಬದ ಪಹಣಿಯಲ್ಲಿ ತಂದೆಯ ಹೆಸರಿನಲ್ಲಿ ಜಮೀನಿರುವುದರಿಂದ, ನಿಜವಾಗಿ ಏನೂ ಇಲ್ಲದ ಮಗನನ್ನೂ ಸ್ಥಿತಿವಂತನೆಂದು ಬರೆಯುವ ಸಂಭವವುಂಟು. ಅಂತಹ ಕಡೆ ಊರಿನ ಯಜಮಾನರು ಮುಂದೆ ಬಂದು ವಾಸ್ತವಾಂಶವನ್ನು ತಿಳಿಸಬೇಕು.

ಇನ್ನು ವಿಮೆ. ೨೦೧೫ರ ಮೇ ೯ರಂದು ಆರಂಭವಾದ ಪ್ರಧಾನಮಂತ್ರಿ ಸುರಕ್ಷಾ ವಿಮೆಗೆ ವರ್ಷಕ್ಕೆ ೧೨ ರೂಪಾಯಿ ಕಂತಾಗಿತ್ತು. ೨೦೨೨ರ ಜೂನ್ ೧ರಿಂದ ಅದು ೨೦ ರೂಪಾಯಿ. ೧೮ರಿಂದ ೭೦ ವರ್ಷದ, ಬ್ಯಾಂಕಿನಲ್ಲಿ ಅಥವಾ ಅಂಚೆ ಕಚೇರಿಯಲ್ಲಿ ಉಳಿತಾಯದ ಖಾತೆಯುಳ್ಳ ಯಾರಾದರೂ ಸೇರಬಹುದು. ಅಪಘಾತದಿಂದ ಮರಣವಾದರೆ, ಅಥವಾ ಎರಡು ಕಣ್ಣು, ಎರಡು ಕೈ, ಎರಡು ಕಾಲು, ಇಲ್ಲವೆ ಒಂದು ಕಣ್ಣಿನೊಡನೆ ಒಂದು ಕೈ ಅಥವಾ ಕಾಲು ಹೋದರೆ ಎರಡು ಲಕ್ಷ ರೂಪಾಯಿ. ಒಂದು ಕಣ್ಣು, ಒಂದು ಕೈ ಅಥವಾ ಒಂದು ಕಾಲು ಶಾಶ್ವತವಾಗಿ ನಿರುಪಯೋಗವಾದರೆ ಒಂದು ಲಕ್ಷ. ಇಲ್ಲಿ ನೂರಕ್ಕೆ ನಲವತ್ತರ ಪ್ರಶ್ನೆಯೇ ಇಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಒಂದು ಕಣ್ಣು ಕಳೆದುಕೊಂಡು ೩೦ರ ಬಿಳಿಯ ಚೀಟಿ ಹಿಡಿದು ನಾಡಕಚೇರಿಯಿಂದ ಹಿಂದಿರುಗಿದವನು, ಕಂತು ಕಟ್ಟಿದ್ದರೆ, ಬ್ಯಾಂಕಿನಲ್ಲಿ ಒಂದು ಲಕ್ಷಕ್ಕೆ ಹಕ್ಕುದಾರನಾಗಿರುತ್ತಾನೆ. ಆದರೆ ಕೋರಿಕೆಯ ನಮೂನೆಯನ್ನು ಅಪಘಾತವಾದ ೩೦ ದಿನಗಳೊಳಗಾಗಿ ಸಲ್ಲಿಸಬೇಕೆಂಬ ಗಡುವಿದೆ. ರಸ್ತೆಯ ಅಪಘಾತಕ್ಕೆ ಪೊಲೀಸರ ವರದಿ ಬೇಕು. ಹಾವು ಕಚ್ಚಿದುದಕ್ಕೂ ಮರದಿಂದ ಬಿದ್ದುದಕ್ಕೂ ಕೂಡಲೆ ಆದ ಆಸ್ಪತ್ರೆಯ ದಾಖಲೆಯೇ ಆಧಾರ. ಆದಕಾರಣ ಗಾಯಾಳುವಿನೊಡನೆ ಹೋದವರು ‘ಅಡಿಕೆ ಕೊಯ್ಯುವಾಗ ಮರದಿಂದ ಬಿದ್ದದ್ದು’ ಎಂಬ ಕಾರಣವನ್ನು ಮೊದಲ ಚೀಟಿಯಲ್ಲಿಯೇ ಬರೆಯಿಸಬೇಕು. ಬರಿಯ ‘ಬೆನ್ನುನೋವು’ ಎಂದು ಬರೆದ ಚೀಟಿಯಿಂದ ಮುಂದೆ ತೊಂದರೆಯಾಗುವುದು.

ಬೆರಳುಗಳು ಮಾತ್ರ ಹೋದವನಿಗೆ ಪಿಂಚಣಿಯೂ ಸಾಮಾನ್ಯವಾಗಿ ಇಲ್ಲ, ಮೇಲ್ಕಂಡ ವಿಮೆಯೂ ಇಲ್ಲ. ಅವನು ಕೂಲಿಗೆ ಬಂದವನಾಗಿದ್ದರೆ ಅವನ ದಾರಿಯು ಜಮೀನುದಾರರಾದ ತಮ್ಮ ಮನೆಯ ಬಾಗಿಲಿಗೇ ಬರುತ್ತದೆ. ಟ್ರ್ಯಾಕ್ಟರಿನಿಂದಲೋ ವಿದ್ಯುಚ್ಛಕ್ತಿಯಿಂದ ನಡೆಯುವ ಸಾಧನಗಳಿಂದಲೋ ವ್ಯವಸಾಯ ಮಾಡುವ ಕೆಲಸಗಾರನನ್ನು ೧೯೨೩ರ ಪರಿಹಾರದ ಕಾಯಿದೆಯು ತನ್ನ ಅನುಸೂಚಿಯಲ್ಲಿ ಸೇರಿಸಿತ್ತು. ಒಂದು ಕೈಯ ಮೂರು ಬೆರಳು ಹೋದರೆ ಸಂಪಾದನೆಯ ಶಕ್ತಿಯಲ್ಲಿ ನೂರಕ್ಕೆ ೩೦, ಎರಡು ಹೋದರೆ ೨೦ ನಷ್ಟವೆಂದು ಅದು ಗೊತ್ತುಮಾಡಿತ್ತು. ಆ ಕಾಯಿದೆಯ ಸ್ಥಾನಕ್ಕೆ ೨೦೨೫ರ ನವೆಂಬರ್ ೨೧ರಿಂದ ೨೦೨೦ರ ಸಾಮಾಜಿಕ ಭದ್ರತಾ ಸಂಹಿತೆಯು ಬಂದಿದೆ. ಇದಲ್ಲದೆ, ಅಪಾಯಕರವೆಂದು ಘೋಷಿತವಾದ ಯಂತ್ರವನ್ನು ನಡೆಸುವಾಗ ಗಾಯಗೊಂಡ ಕೂಲಿಗಾರನಿಗೆ ಪರಿಹಾರ ಕೊಡುವ ವಿಷಯದಲ್ಲಿ ೧೯೮೩ರ ಅಪಾಯಕರ ಯಂತ್ರಗಳ ಅಧಿನಿಯಮವೂ ಇದೆ. ಆಳಿನ ಕೈಗೆ ಆಸ್ಪತ್ರೆಯ ಖರ್ಚನ್ನೂ ಹಬ್ಬಕ್ಕೊಂದು ಮೂಟೆ ಭತ್ತವನ್ನೂ ಕೊಟ್ಟರೆ ಋಣ ತೀರಿತೆಂಬ ಭಾವನೆಯು ನಮ್ಮ ಕಡೆ ಇದೆ. ಕಾನೂನಿನ ದೃಷ್ಟಿಯಲ್ಲಿ ಅದು ಧರ್ಮವೇ ಹೊರತು ಪರಿಹಾರವಲ್ಲ. ಗಾಣಕ್ಕೂ ಒಕ್ಕಣೆ ಯಂತ್ರಕ್ಕೂ ತಡೆಯ ಹಲಗೆಯನ್ನು ಹಾಕಿಸುವ ವೆಚ್ಚವು ಇದಕ್ಕಿಂತ ಬಹಳ ಸ್ವಲ್ಪ. ಪ್ರತಿ ವರ್ಷದ ಆಳುಗಳಿಗೆಲ್ಲಾ ೨೦ ರೂಪಾಯಿಯ ಕಂತನ್ನು ಯಜಮಾನನೇ ಕಟ್ಟಿಸಿಕೊಡುವುದೂ ಸಾಧ್ಯವಿದೆ.

ಕೃತಕ ಕಾಲು, ಗಾಲಿಕುರ್ಚಿ, ಶ್ರವಣಯಂತ್ರ ಮುಂತಾದ ಸಾಧನಗಳಿಗೆ ಕೇಂದ್ರ ಸರ್ಕಾರದ ಯೋಜನೆಯೊಂದು ೧೯೮೧ರಿಂದ ನಡೆಯುತ್ತಿದೆ. ಇದಕ್ಕೂ ೪೦ರ ಪ್ರಮಾಣಪತ್ರವೂ ವರಮಾನದ ಮಿತಿಯೂ ಉಂಟು. ಕಾಲು ಹೋದ ಒಕ್ಕಲಿಗರು ‘ಬೂಟಿನ ಕಾಲು ಕೆಸರುಗದ್ದೆಗೆ ಆಗದು’ ಎಂದು ಹಿಂಜರಿಯುವುದನ್ನು ಕೇಳಿದ್ದೇನೆ. ೧೯೬೮ರ ಸುಮಾರಿಗೆ ಜೈಪುರದ ಸವಾಯಿ ಮಾನ್‌ಸಿಂಗ್ ಆಸ್ಪತ್ರೆಯಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮರೂ ಡಾಕ್ಟರ್ ಪಿ. ಕೆ. ಸೇಥಿಯವರೂ ರೂಪಿಸಿದ ಪಾದವು ಬೂಟಿಲ್ಲದೆ ನಡೆಯುವುದಕ್ಕೂ, ನೆಲದಲ್ಲಿ ಕುಕ್ಕರುಗಾಲಿನಲ್ಲಿ ಕೂರುವುದಕ್ಕೂ, ನೀರು ನಿಂತ ಗದ್ದೆಯಲ್ಲಿ ಇಳಿಯುವುದಕ್ಕೂ ತಕ್ಕುದಾಗಿದೆ.

ಸರ್ಕಾರದ ಯೋಜನೆಗಳಲ್ಲಿ ವ್ಯವಸಾಯದ ಜಮೀನನ್ನು ಹಂಚುವಾಗ ನೂರಕ್ಕೆ ೫ರಷ್ಟನ್ನು ಇಂತಹವರಿಗೆ, ಅವರಲ್ಲಿಯೂ ಸ್ತ್ರೀಯರಿಗೆ ಆದ್ಯತೆ ಕೊಟ್ಟು, ಮೀಸಲಿಡಬೇಕೆಂದು ೨೦೧೬ರ ಅಧಿನಿಯಮವು ವಿಧಿಸಿದೆ. ಗ್ರಾಮ ಪಂಚಾಯಿತಿಯು ತನ್ನ ಸ್ವಂತ ಸಂಪನ್ಮೂಲದಲ್ಲಿ ನೂರಕ್ಕೆ ೫ನ್ನು ಅಂಗವಿಕಲರಿಗಾಗಿ ವೆಚ್ಚ ಮಾಡತಕ್ಕದ್ದು. ಈ ಬಾಬಿನ ಲೆಕ್ಕವನ್ನು ಪಂಚಾಯಿತಿಯ ಸಭೆಯಲ್ಲಿ ಕೇಳುವವರು ವಿರಳ. ಅರ್ಜಿ ಬರೆಯುವುದಕ್ಕೂ ಆಸ್ಪತ್ರೆಯ ದಿನವನ್ನು ಗೊತ್ತುಮಾಡಿಸುವುದಕ್ಕೂ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರೂ ನೇಮಕವಾಗಿದ್ದಾರೆ. ವಿಮೆಯ ವರ್ಷವು ಜೂನ್ ೧ರಿಂದ ಮೇ ೩೧ರವರೆಗೆ ಇರುವುದರಿಂದ, ಮುಂಗಾರಿನ ಬಿತ್ತನೆಗೆ ಬೀಜ ಗೊಬ್ಬರ ವಿಚಾರಿಸುವ ಆ ದಿನಗಳಲ್ಲಿಯೇ ಮನೆಯವರ ಮತ್ತು ಆಳುಗಳ ಪಾಸುಪುಸ್ತಕಗಳನ್ನು ತರಿಸಿ, ೨೦ ರೂಪಾಯಿ ಕಡಿತವಾಗಿದೆಯೇ ಎಂದು ನೋಡತಕ್ಕದ್ದು.