ಕಹಿಯನ್ನು ಸವಿಯುವ ಬಗೆ

ಕಪಿಲಾ ನದಿಯ ದಡದ ನಂಜನಗೂಡು, ತಿರುಮಕೂಡಲು ನರಸೀಪುರಗಳಲ್ಲಿ ಕಹಿ ಅಪರಿಚಿತವಾದುದಲ್ಲ. ಯುಗಾದಿಯಂದು ಬೇವನ್ನು ಬೆಲ್ಲದೊಡನೆ ತಿನ್ನುತ್ತೇವೆ. ಹಾಗಲಕಾಯಿಗೆ ಉಪ್ಪು ಬೆರೆಸಿ ಹಿಂಡಿ ಗೊಜ್ಜು ಮಾಡುತ್ತೇವೆ. ನಂಜನಗೂಡಿನಲ್ಲಿ 1989ರಲ್ಲಿ ಆರಂಭವಾದ ನೆಸ್ಲೆ ಕಾರ್ಖಾನೆಯಲ್ಲಿ ಕಾಫಿಪುಡಿ ತಯಾರಾಗುತ್ತದೆ. ಈಚಿನ ವರ್ಷಗಳಲ್ಲಿ ಬೆಂಗಳೂರಿನ ಸಣ್ಣ ತಯಾರಿಕೆಯ ಮನೆಗಳಿಂದ ಕಡುಗಪ್ಪಾದ, ಬಲು ಕಹಿಯಾದ ಬಿಯರೂ ಈ ಸಾಲಿಗೆ ಸೇರಿದೆ. ಅದರ ಕಹಿ ಬರುವುದೆಲ್ಲಿಂದ? ನಾಲಗೆ ಅದನ್ನು ಒಪ್ಪುವುದು ಹೇಗೆ?

ಕೂಸಿನ ಹಿಟ್ಟಿಗಾಗಿ ನಾವು ರಾಗಿಯನ್ನು ಮೊಳಕೆ ಕಟ್ಟುವಂತೆಯೇ ಬಿಯರಿಗಾಗಿ ಬಾರ್ಲಿಯನ್ನು ಮೊಳೆಯಿಸುತ್ತಾರೆ. ಆಗ ಹೆಚ್ಚುವ ಕಿಣ್ವಗಳು ಮುಂದೆ ಬಿಸಿನೀರಿನಲ್ಲಿ ಪಿಷ್ಟವನ್ನು ಸಕ್ಕರೆಯಾಗಿ ಮಾರ್ಪಡಿಸುತ್ತವೆ. ಕಾಳಿನ ಒಂದು ಪಾಲನ್ನು 200 ಡಿಗ್ರಿ ಸೆಂಟಿಗ್ರೇಡಿಗೂ ಮಿಗಿಲಾದ ಶಾಖದಲ್ಲಿ ಹುರಿದರೆ ಕಪ್ಪು ಬಣ್ಣವೂ ಒಂದು ಬಗೆಯ ಕಹಿಯೂ ಬರುತ್ತವೆ. ಹೀಗೆ ಹುರಿಯುವ ಯಂತ್ರಕ್ಕೆ ಇಂಗ್ಲೆಂಡಿನ ಡೇನಿಯಲ್ ವೀಲರ್ 1817ರಲ್ಲಿ ಪೇಟೆಂಟ್ ಪಡೆದನು. ಕಾಫಿಯಲ್ಲಿಯೂ ಕಹಿಯ ಬಹುಪಾಲು ಕೆಫೀನಿನದಲ್ಲ, ಹುರಿಯುವಾಗ ಹುಟ್ಟಿದುದು.

ಎರಡನೆಯ ಕಹಿ ಹಾಪ್ಸ್ ಎಂಬ ಬಳ್ಳಿಯ ಹೂವಿನದು. ಅದರ ಅಂಟಿನಲ್ಲಿರುವ ಆಲ್ಫ ಆಮ್ಲಗಳು ನೀರಿನಲ್ಲಿ ಸುಲಭವಾಗಿ ಕರಗವು. ಸುಮಾರು ಒಂದು ಗಂಟೆ ಕುದಿಸಿದರೆ ಅವುಗಳ ಅಣುರಚನೆ ಬದಲಾಗಿ, ಕರಗಬಲ್ಲ ಕಹಿಪದಾರ್ಥಗಳಾಗುತ್ತವೆ. ಲೀಟರಿಗೆ ಇಂತಹ 1 ಮಿಲಿಗ್ರಾಮ್ ಇದ್ದರೆ ಸ್ಥೂಲವಾಗಿ ಒಂದು ಕಹಿಮಾನ. ತಿಳಿಯಾದ ಸಾಧಾರಣ ಬಿಯರಿನಲ್ಲಿ ಇದು 10ರಿಂದ 20 ಇದ್ದರೆ, ಕಡುಗಹಿಯಾದುದರಲ್ಲಿ 50ನ್ನು ಮೀರುವುದುಂಟು.

ಮನುಷ್ಯನಲ್ಲಿ ಕಹಿಯನ್ನು ಗುರುತಿಸುವ ಗ್ರಾಹಕಗಳು ಸುಮಾರು 25 ಬಗೆ. ಸಿಹಿಗೆ ಮುಖ್ಯವಾಗಿ ಒಂದೇ ಬಗೆ. ಈ ಭೇದಕ್ಕೆ ಕಾರಣವುಂಟು. ಸಸ್ಯಗಳ ಅನೇಕ ವಿಷಗಳು ಕಹಿಯಾಗಿವೆ. ಆದುದರಿಂದಲೇ ಕೂಸು ಕಹಿಯನ್ನು ಉಗುಳುತ್ತದೆ. ಮತ್ತೆ ಮತ್ತೆ ಸವಿದು ಕೇಡಾಗದಿದ್ದರೆ ನಾಲಗೆ ಕ್ರಮೇಣ ಪಳಗುತ್ತದೆ. ಉಪ್ಪಿನ ಸೋಡಿಯಂ ಕಹಿಯನ್ನು ತಗ್ಗಿಸುತ್ತದೆ, ಸಿಹಿ ಅದನ್ನು ಮರೆಸುತ್ತದೆ. ಹಾಗಲಕಾಯಿ ಗೊಜ್ಜಿನ ಗುಟ್ಟು ಇದೇ. ಹುದುಗಿದ ಮೇಲೂ ಸ್ವಲ್ಪ ಸಿಹಿ ಉಳಿದ ಕಪ್ಪು ಬಿಯರು ಹಿತವೆನಿಸುವುದೂ ಇದರಿಂದಲೇ. ಕಹಿ ನಾಲಗೆಯಲ್ಲಿ ಬಹಳ ಹೊತ್ತು ನಿಲ್ಲುವುದರಿಂದ, ರುಚಿ ನೋಡುವವರು ಸೌಮ್ಯವಾದುದನ್ನು ಮೊದಲೂ ಕಡುವಾದುದನ್ನು ಕೊನೆಗೂ ಇಟ್ಟುಕೊಳ್ಳುತ್ತಾರೆ.

ಆದರೆ ಪಳಗಿದ ನಾಲಗೆಯನ್ನು ಎಲ್ಲೆಡೆಯೂ ನಂಬಲಾಗದು. ಬಿಯರಿನ ಬಣ್ಣವಾಗಲಿ ಕಹಿಯಾಗಲಿ ಅದರಲ್ಲಿರುವ ಮದ್ಯಸಾರವೆಷ್ಟೆಂದು ತಿಳಿಸದು. ದೇಹಕ್ಕೆ ಕೇಡು ಮಾಡುವುದಾದರೋ ಆ ಮದ್ಯಸಾರವೇ. ಸೋರೆಕಾಯಿಯ ವಿಷಯದಲ್ಲಿ ಮಾತ್ರ ಕಹಿ ನಿಜವಾದ ಎಚ್ಚರಿಕೆ. ಕಹಿಸೋರೆಯಲ್ಲಿ ಕುಕುರ್ಬಿಟಾಸಿನ್ ಎಂಬ ವಿಷವಿರುತ್ತದೆ. ಬೇಯಿಸಿದರೂ ಅದು ಹೋಗದು. ಅದರ ರಸ ಕುಡಿದು ನಮ್ಮ ದೇಶದಲ್ಲಿ ಜನ ಸತ್ತಿದ್ದಾರೆ. ಆದುದರಿಂದ ಸೋರೆಕಾಯಿಯ ಚೂರೊಂದನ್ನು ನಾಲಗೆಗೆ ತಾಕಿಸಿ ನೋಡಿ, ಕಹಿಯಾದರೆ ಉಗುಳಿ ಕಾಯಿಯನ್ನೇ ಎಸೆದುಬಿಡಬೇಕು.