ಬರಿಯ ನೆಗಡಿಯಲ್ಲ ಎಂದು ತಿಳಿಯುವುದು ಹೇಗೆ?

ತಿಂಗಳುಗಟ್ಟಲೆ ಮೂಗು ಕಟ್ಟಿರುತ್ತದೆ. ಗಟ್ಟಿ ಸಿಂಬಳ, ಕೆಟ್ಟ ವಾಸನೆ, ಆಗಾಗ ರಕ್ತ. ಸೈನಸ್ ಇರಬೇಕು, ಅಲರ್ಜಿ ಇರಬೇಕು ಎಂದು ಔಷಧಿ ಶುರುವಾಗುತ್ತದೆ. ಬಹುತೇಕರ ವಿಷಯದಲ್ಲಿ ಆ ಊಹೆ ಸರಿಯೇ ಇರುತ್ತದೆ. ರೈನೋಸ್ಕ್ಲೀರೋಮ ಎಂಬ ಅಪರೂಪದ ಸೋಂಕು ವರ್ಷಗಟ್ಟಲೆ ಬಚ್ಚಿಟ್ಟುಕೊಳ್ಳುವುದು ಇದೇ ಕಾರಣಕ್ಕೆ.

ವಿಯೆನ್ನಾದ ಚರ್ಮರೋಗ ತಜ್ಞ ಫರ್ಡಿನಾಂಡ್ ಫಾನ್ ಹೆಬ್ರಾ 1870ರಲ್ಲಿ ಇದನ್ನು ವಿವರಿಸಿದಾಗ ಗಡ್ಡೆಯ ರೋಗವೆಂದೇ ಭಾವಿಸಿದ್ದರು. ಊದಿ ಗಟ್ಟಿಯಾದ ಮೂಗನ್ನು ನೋಡಿದವರಿಗೆ ಇಂದಿಗೂ ಮೊದಲು ಕ್ಯಾನ್ಸರಿನ ಭಯವೇ ಬರುವುದು. 1882ರಲ್ಲಿ ಆಂಟನ್ ಫಾನ್ ಫ್ರಿಶ್ ಅದರೊಳಗೆ ಬ್ಯಾಕ್ಟೀರಿಯಾ ಕಂಡರು. ಅದು ನ್ಯುಮೋನಿಯಾ ತರುವ ಕ್ಲೆಬ್ಸಿಯೆಲ್ಲಾದ ಒಂದು ಉಪಜಾತಿ. ಈಜಿಪ್ಟ್, ಮಧ್ಯ ಅಮೆರಿಕ, ಪೂರ್ವ ಯುರೋಪ್ ಮತ್ತು ಭಾರತದ ಕೆಲವೆಡೆ ರೋಗ ಈಗಲೂ ಉಂಟು.

ರೋಗಕ್ಕೆ ಮೂರು ಹಂತ. ಮೊದಲನೆಯದು ನೆಗಡಿಯಂತೆಯೇ, ಕೊನೆಯದರಲ್ಲಿ ಉಳಿಯುವುದು ಬರಿಯ ಗಾಯದ ಕಲೆ. ನಡುವೆ ಗಂಟುಗಳೇಳುವ ಹಂತದಲ್ಲಿ ಎಂಡೋಸ್ಕೋಪ್ ಹಾಕಿ ಚೂರು ಮಾಂಸ ತೆಗೆದರೆ ಸುಳಿವು ಸಿಗುತ್ತದೆ. ನಮ್ಮ ರಕ್ಷಣಾ ಕೋಶಗಳು ಈ ಬ್ಯಾಕ್ಟೀರಿಯಾವನ್ನು ನುಂಗುತ್ತವೆ, ಆದರೆ ಅರಗಿಸಿಕೊಳ್ಳಲಾರವು. ಹೊಟ್ಟೆಯುಬ್ಬಿ, ಸೂಕ್ಷ್ಮದರ್ಶಕದಡಿ ನೊರೆ ತುಂಬಿದಂತೆ ಕಾಣುತ್ತವೆ. ಇವು ಮಿಕುಲಿಚ್ ಕೋಶಗಳು. ಪಕ್ಕದಲ್ಲೇ ಪ್ರತಿಕಾಯ ತುಂಬಿಕೊಂಡು ಗುಲಾಬಿ ಗುಂಡುಗಳಾದ ರಸೆಲ್ ಕಾಯಗಳಿದ್ದರೆ ಅನುಮಾನ ಬಲವಾಗುತ್ತದೆ.

ಆದರೆ ಕುಷ್ಠರೋಗವೂ ಮೂಗಿಗೆ ಬರುತ್ತದೆ, ಅದರಲ್ಲೂ ನೊರೆಕೋಶಗಳಿರುತ್ತವೆ. ಭಾರತದಲ್ಲಿ ಇದನ್ನು ಮರೆಯುವಂತಿಲ್ಲ. ಕುಷ್ಠದ ಬ್ಯಾಕ್ಟೀರಿಯಾ ಆ್ಯಸಿಡ್-ಫಾಸ್ಟ್ ಬಣ್ಣ ಹಿಡಿಯುತ್ತದೆ, ಕ್ಲೆಬ್ಸಿಯೆಲ್ಲಾ ಹಿಡಿಯದು. ಅದಕ್ಕೆ ಗ್ರಾಮ್ ಅಥವಾ ಬೆಳ್ಳಿಯ ಬಣ್ಣ ಬೇಕು. ಯಾವ ಬಣ್ಣ ಹಾಕಬೇಕೆಂಬುದು ಪೆಥಾಲಜಿಸ್ಟರಿಗೆ ಹೊಳೆಯಬೇಕಾದರೆ, ಕಳಿಸಿದ ಡಾಕ್ಟರು ಚೀಟಿಯಲ್ಲಿ ತಮ್ಮ ಸಂಶಯ ಬರೆದಿರಬೇಕು. ‘ಮೂಗಿನ ಗಂಟು’ ಎಂದಷ್ಟೇ ಗೀಚಿ ಕಳಿಸಿದರೆ ಸ್ಲೈಡು ಅರ್ಧ ಮಾತ್ರ ಮಾತಾಡುತ್ತದೆ.

ಕಲ್ಚರ್ ಮಾಡಿಸಿದರೆ ಸಾಲದೇ? ಬ್ಯಾಕ್ಟೀರಿಯಾ ಬೆಳೆದರೆ ರೋಗ ಖಚಿತ. ಆದರೆ ಅದು ಬೆಳೆಯುವುದು ಸುಮಾರು ಶೇ. 50–60 ರೋಗಿಗಳಲ್ಲಿ ಮಾತ್ರ. ಹಾಗಾಗಿ ‘ನೆಗೆಟಿವ್’ ವರದಿ ಹಿಡಿದು ನಿಶ್ಚಿಂತರಾಗುವಂತಿಲ್ಲ. ಮತ್ತೆ ಬಯಾಪ್ಸಿ ಬೇಕಾಗಬಹುದು.

ಪತ್ತೆಯಾದರೆ ಸಿಪ್ರೊಫ್ಲಾಕ್ಸಸಿನ್‌ನಂಥ ಆ್ಯಂಟಿಬಯೋಟಿಕ್ ವಾರಗಳಲ್ಲ, ತಿಂಗಳುಗಳ ಕಾಲ ನಡೆಯುತ್ತದೆ. ರೋಗ ಗಂಟಲಿಗಿಳಿದು ಉಸಿರುದಾರಿ ಕಿರಿದಾಗಿಸಿದ್ದರೆ ಶಸ್ತ್ರಚಿಕಿತ್ಸೆಯೂ ಬೇಕು. ಮರುಕಳಿಸುವ ಸ್ವಭಾವ ಇದಕ್ಕಿರುವುದರಿಂದ ಗುಣವಾಯಿತೆಂದ ಮೇಲೂ ಡಾಕ್ಟರು ರೋಗಿಯನ್ನು ಮತ್ತೆ ಮತ್ತೆ ಕರೆಸಿ ಮೂಗನ್ನು ಪರೀಕ್ಷಿಸುತ್ತಾರೆ.